ಡ್ರೋನ್‌ಗೆ ಸೂರು ಕಾಣುತ್ತೆ, ಗೋಡೆ ಕಾಣಲ್ಲ

ಪಹಣಿ ಓದುವವರು ಈಗ ಊರಿಗೆ ಹತ್ತು ಮಂದಿ ಸಿಗುತ್ತಾರೆ. ಹೆಸರು, ಸರ್ವೆ ನಂಬರು, ಎಕರೆ, ಗುಂಟೆ, ಸಾಲದ ಕಲಂ, ಎಲ್ಲವನ್ನೂ ಬೆರಳಿಟ್ಟು ತೋರಿಸುತ್ತಾರೆ. ಅದೇ ಜಮೀನಿನ ನಕ್ಷೆ ಮುಂದಿಟ್ಟು, 'ಇದರಲ್ಲಿ ಉತ್ತರ ಯಾವ ಕಡೆ?' ಅಂತ ಕೇಳಿ ನೋಡಿ. ಅರಳಿಕಟ್ಟೆ ಮೇಲಿನ ಮಾತು ನಿಂತುಬಿಡುತ್ತದೆ.

ನಾವು ಜಿಲ್ಲೆಯ ಸುದ್ದಿ ಬರೆಯುವವರು. ನಮ್ಮ ಸುದ್ದಿಯಲ್ಲಿ ಅರ್ಧ ಜಾಗದ ಸುದ್ದಿಯೇ. ಕೆರೆ ಒತ್ತುವರಿ, ಸ್ಮಶಾನಕ್ಕೆ ದಾರಿ ಇಲ್ಲ, ಬಂಡಿದಾರಿಗೆ ಬೇಲಿ, ಪೋಡಿ ಆಗಿಲ್ಲ, ಹೀಗೆ. ಇಬ್ಬರ ಮಾತನ್ನೂ ಕೇಳಿ ಬರೆಯಿರಿ ಅಂತ ಡಿಪ್ಲೊಮಾದಲ್ಲಿ ನಮಗೆ ಕಲಿಸಿದ್ದರು. ಕೇಳುತ್ತೇವೆ, ಬರೆಯುತ್ತೇವೆ. ಆದರೆ ಜಾಗದ ಜಗಳದಲ್ಲಿ ಮಾತಾಡುವ ಮೂರನೆಯವರೊಬ್ಬರು ಇದ್ದಾರೆ. ಅದು ನಕ್ಷೆ. ಅದರ ಭಾಷೆ ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹಾಗಾಗಿ ನಾವೇ ಕಲಿಯಲು ಕೂತೆವು. ಹೇಗೆ ಕಲಿತೆವು, ನಿಮ್ಮ ಮನೆಯ ಹುಡುಗ ಹುಡುಗಿಯರು ಎಲ್ಲಿ ಕಲಿಯಬಹುದು, ಕಲಿಯದಿದ್ದರೆ ಊರಿಗೆ ನಷ್ಟ ಏನು, ಇಷ್ಟನ್ನು ಹೇಳಬೇಕು ಅಂತ ಈ ಬರಹ.

ಕೊಪ್ಪಲಿನ ರೂಮು

ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಮಹಡಿ ಮೇಲೆ ಒಂದು ರೂಮು ಹಿಡಿದಿದ್ದೇವೆ. ಮೂವರ ಪಾಲಿನ ಬಾಡಿಗೆ. ಜಿಲ್ಲಾ ಕಚೇರಿ, ಕೋರ್ಟು, ಆಸ್ಪತ್ರೆ ಅಂತ ಓಡಾಡಿ ತಡವಾದರೆ ಅಲ್ಲೇ ಉಳಿಯುತ್ತೇವೆ. ಹತ್ತಿರದಲ್ಲೇ ಗೋಕುಲಂ, ಇತ್ತ ಮೇಟಗಳ್ಳಿ, ಹೆಬ್ಬಾಳು ಕೈಗಾರಿಕಾ ಪ್ರದೇಶ. ಕೆಲಸಕ್ಕೆ, ಓದಿಗೆ ಅಂತ ನಮ್ಮ ಜಿಲ್ಲೆಯ ಹಳ್ಳಿಗಳಿಂದ ಬಂದವರು ಇಲ್ಲಿ ಸುತ್ತಮುತ್ತ ಬಹಳ ಜನ.

ಹೆಸರೇ ಹೇಳುವ ಹಾಗೆ ಇದು ನಗರವಾಗಿ ಹುಟ್ಟಿದ್ದಲ್ಲ. ಕೊಪ್ಪಲು ಅಂದರೆ ಸಣ್ಣ ಊರು. ಒಂಟಿಕೊಪ್ಪಲು, ಮಂಚೇಗೌಡನಕೊಪ್ಪಲು, ಪಡುವಾರಹಳ್ಳಿ, ಇವೆಲ್ಲ ಒಂದು ಕಾಲಕ್ಕೆ ಹಳ್ಳಿಗಳೇ. ಮೈಸೂರು ಬೆಳೆಯುತ್ತಾ ಬಂದು ಇವನ್ನು ಒಳಗೆ ಹಾಕಿಕೊಂಡಿತು. ಫೋನಿನಲ್ಲಿ ಮ್ಯಾಪ್ ತೆಗೆದು ಮೇಲಿನಿಂದ ನೋಡಿದರೆ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ. ಸುತ್ತ ಬಡಾವಣೆಗಳ ರಸ್ತೆಗಳು ಸ್ಕೇಲಿಟ್ಟು ಎಳೆದ ಹಾಗೆ. ನಡುವೆ ಹಳೇ ಊರಿನ ಓಣಿಗಳು ದನ ನಡೆದ ಹಾಗೆ.

ನಕ್ಷೆ ಕಲಿಯುವವರಿಗೆ ಇಂಥ ಜಾಗವೇ ಒಳ್ಳೆಯ ಶಾಲೆ. ಯಾಕೆ ಅಂದರೆ ಕಂದಾಯದ ಗ್ರಾಮ ನಕ್ಷೆಯಲ್ಲಿ ಹೊಲಗಳಿಗೆ ಒಂದೊಂದಕ್ಕೂ ಸರ್ವೆ ನಂಬರು, ಗಡಿ, ಕಲ್ಲು ಇರುತ್ತವೆ. ಮನೆಗಳಿರುವ ಜಾಗವನ್ನು ಮಾತ್ರ 'ಗ್ರಾಮಠಾಣಾ' ಅಂತ ಒಟ್ಟಾಗಿ ಒಂದು ಗೆರೆ ಸುತ್ತಿ ಬಿಟ್ಟಿರುತ್ತಾರೆ. ಅದರೊಳಗೆ ಯಾರ ಮನೆ ಎಲ್ಲಿಂದ ಎಲ್ಲಿಯವರೆಗೆ ಅಂತ ಹೇಳುವ ಗೆರೆ ಇಲ್ಲ. ಹೊಲ ಅಳೆದದ್ದು ಕಂದಾಯಕ್ಕಾಗಿ. ಮನೆಯಿಂದ ಕಂದಾಯ ಬರುತ್ತಿರಲಿಲ್ಲವಲ್ಲ, ಅಳೆಯಲಿಲ್ಲ. ನಿಮ್ಮ ಊರಿನ ಗ್ರಾಮಠಾಣಾ ಕಥೆಯೂ ಇದೇ.

ಆ ಖಾಲಿ ಜಾಗ ತುಂಬುವ ಕೆಲಸ ಈಗ ನಡೆಯುತ್ತಿದೆ. ಹಳ್ಳಿಗಳಿಗೆ ಸ್ವಾಮಿತ್ವ ಯೋಜನೆ ಬಂದದ್ದು 2020ರ ಏಪ್ರಿಲ್ 24ರಂದು, ಪಂಚಾಯತ್ ರಾಜ್ ದಿನ. ಮೊದಲ ಹಂತಕ್ಕೆ ಆರಿಸಿಕೊಂಡ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ನಗರಗಳಿಗೆ 'ನಕ್ಷಾ' ಅನ್ನುವ ಕೇಂದ್ರದ ಯೋಜನೆ 2025ರ ಫೆಬ್ರವರಿಯಲ್ಲಿ ದೇಶದ 152 ಊರುಗಳಲ್ಲಿ ಶುರುವಾಯಿತು. ಅಂದರೆ ಇನ್ನೂರು ವರ್ಷ ಬರೆಯದೆ ಬಿಟ್ಟ ಗೆರೆಗಳನ್ನು ನಮ್ಮ ಕಾಲದಲ್ಲಿ, ನಮ್ಮ ಕಣ್ಣೆದುರು ಬರೆಯುತ್ತಿದ್ದಾರೆ. ಬರೆಯುವಾಗ ಓದಲು ಬರುವವರು ಪಕ್ಕದಲ್ಲಿರಬೇಕು.

ಕಲಿತ ಬಗೆ

ಮೊದಲು ಒಂದು ಖಾಸಗಿ ತರಬೇತಿ ಕೇಂದ್ರಕ್ಕೆ ಹೋಗಿ ವಿಚಾರಿಸಿದೆವು. 'ಜಿಐಎಸ್ ಕೋರ್ಸ್, ಕೆಲಸ ಗ್ಯಾರಂಟಿ' ಅಂತ ಬೋರ್ಡು. ಏನು ಕಲಿಸುತ್ತೀರಿ ಅಂದರೆ ಸಾಫ್ಟ್‌ವೇರ್ ಹೆಸರುಗಳ ಪಟ್ಟಿ ಕೊಟ್ಟರು. ಹೊಲಕ್ಕೆ ಕರೆದುಕೊಂಡು ಹೋಗಿ ಅಳೆಸುತ್ತೀರಾ ಅಂದರೆ ನಕ್ಕರು. ಫೀಸು ಕೇಳಿ ನಾವು ಮೆಟ್ಟಿಲು ಇಳಿದೆವು.

ಆಮೇಲೆ ಸಿಕ್ಕಿದ್ದು ಬಿಟ್ಟಿ ದಾರಿ. ಇಸ್ರೋಗೆ ಸೇರಿದ ಭಾರತೀಯ ದೂರಸಂವೇದಿ ಸಂಸ್ಥೆ ಡೆಹ್ರಾಡೂನಿನಲ್ಲಿದೆ. ಶುರುವಾದದ್ದು 1966ರಲ್ಲಿ. ಅವರು ಆನ್‌ಲೈನ್‌ನಲ್ಲಿ ಶುಲ್ಕವಿಲ್ಲದೆ ಪಾಠ ನಡೆಸುತ್ತಾರೆ, ಮುಗಿಸಿದವರಿಗೆ ಪ್ರಮಾಣಪತ್ರವನ್ನೂ ಕೊಡುತ್ತಾರೆ. ಉಪಗ್ರಹದ ಚಿತ್ರ ಓದುವುದು, ಜಿಪಿಎಸ್, ನಕ್ಷೆ ಮಾಡುವುದು, ಹೀಗೆ ಬೇರೆ ಬೇರೆ ವಿಷಯ. ಸಾಫ್ಟ್‌ವೇರಿಗೆ ಕ್ಯೂಜಿಐಎಸ್ ಇದೆ. 2002ರಲ್ಲಿ ಶುರುವಾದದ್ದು, ಇವತ್ತಿಗೂ ಯಾರಿಗೂ ದುಡ್ಡು ಕೊಡಬೇಕಿಲ್ಲ. ಹಳೇ ಲ್ಯಾಪ್‌ಟಾಪಿನಲ್ಲೂ ತಡೆದು ತಡೆದು ಓಡುತ್ತದೆ.

ಕಷ್ಟ ಇದ್ದದ್ದು ಇಂಗ್ಲಿಷಿನದು. ಪಾಠ ಕೇಳುವಾಗ ಅರ್ಧ ತಲೆ ಮೇಲೆ ಹೋಗುತ್ತಿತ್ತು. ಆದರೆ ಪದ ಬಿಡಿಸಿದರೆ ಒಳಗಿರುವುದು ಹಳೇ ಸಾಮಾನೇ. ಲ್ಯಾಟಿಟ್ಯೂಡ್, ಲಾಂಗಿಟ್ಯೂಡ್ ಅಂದರೆ ಹೈಸ್ಕೂಲಿನ ಅಕ್ಷಾಂಶ, ರೇಖಾಂಶ. ಈ ಎರಡು ಸಂಖ್ಯೆ ಕೊಟ್ಟರೆ ಭೂಮಿಯ ಮೇಲಿನ ಯಾವ ಜಾಗವನ್ನಾದರೂ ಗುರುತಿಸಬಹುದು.

ಉಳಿದದ್ದನ್ನು ಬಿಡಿಸಿ ಹೇಳಿದವಳು ಪಕ್ಕದ ಬೀದಿಯಲ್ಲಿ ಪಿಜಿಯಲ್ಲಿದ್ದ ಹುಡುಗಿ. ಎಚ್.ಡಿ. ಕೋಟೆ ಕಡೆಯವಳು, ಭೂಗೋಳ ಓದಿ ಬಿ.ಎ. ಮಾಡಿದವಳು. ಹಳೇ ನಕ್ಷೆಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ಅವಳದು. ಕೆಲಸ ಮುಗಿಸಿ ಬಂದು ಟೀ ಅಂಗಡಿ ಮುಂದೆ ನಮಗೆ ಪಾಠ.

'ಲೇಯರ್ ಅಂದ್ರೆ ಏನಮ್ಮ?' ಅಂದೆವು.

'ಗಾಜಿನ ಹಾಳೆ ಅಂದ್ಕೊಳ್ಳಿ ಅಣ್ಣ. ಒಂದ್ರ ಮೇಲೆ ಬರೀ ರಸ್ತೆ ಬರ್ದಿದೆ. ಇನ್ನೊಂದ್ರ ಮೇಲೆ ಕೆರೆ. ಇನ್ನೊಂದ್ರ ಮೇಲೆ ಸರ್ವೆ ನಂಬರು. ಒಂದ್ರ ಮೇಲೊಂದು ಜೋಡ್ಸಿ ಮೇಲಿಂದ ನೋಡಿ. ಕೆರೆ ಒಳಗೆ ಯಾರ ಸರ್ವೆ ನಂಬರು ಕೂತಿದೆ ಅಂತ ತಾನಾಗೇ ಕಾಣುತ್ತೆ.'

ಜಿಐಎಸ್ ಅಂದರೆ ಇಷ್ಟೇ. ಬೇರೆ ಬೇರೆ ಕಚೇರಿಯ ಕಾಗದವನ್ನು ಒಂದೇ ಜಾಗದ ಮೇಲೆ ಜೋಡಿಸಿ ನೋಡುವುದು.

ಅಭ್ಯಾಸಕ್ಕೆ ಕೊಪ್ಪಲಿನ ಓಣಿಗಳನ್ನೇ ಆರಿಸಿಕೊಂಡೆವು. ಫೋನ್ ಹಿಡಿದು ನಡೆದು, ನಡೆದ ದಾರಿಯನ್ನು ದಾಖಲಿಸುವುದು. ಅಗಲವಾದ ರಸ್ತೆಯಲ್ಲಿ ಗೆರೆ ಸರಿಯಾಗಿ ಬಂತು. ಇಕ್ಕಟ್ಟಿನ ಓಣಿಗೆ ಹೋದ ಕೂಡಲೇ ನಮ್ಮ ಚುಕ್ಕೆ ಪಕ್ಕದ ಮನೆಯ ಚಾವಣಿ ಹತ್ತಿತು, ಅಲ್ಲಿಂದ ಹಿಂದಿನ ಬೀದಿಗೆ ಹಾರಿತು. ಉಪಗ್ರಹದ ಸಂಕೇತ ಎತ್ತರದ ಗೋಡೆಗಳಿಗೆ ಬಡಿದು ಸುತ್ತಿ ಬರುತ್ತದೆ, ಫೋನಿಗೆ ಲೆಕ್ಕ ತಪ್ಪುತ್ತದೆ. ಬಯಲಿನಲ್ಲೂ ಸಾಮಾನ್ಯ ಫೋನಿನ ಜಿಪಿಎಸ್ ಐದಾರು ಮೀಟರ್ ಆಚೆ ಈಚೆ ಹೇಳಬಹುದು.

ನಿಮ್ಮ ಫೋನಿನಲ್ಲಿ ದಿಶಾಂಕ್ ಆ್ಯಪ್ ಇದ್ದರೆ ಈ ಮಾತು ನೆನಪಿಡಿ. ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರ ಮಾಡಿದ ಆ್ಯಪ್ ಅದು. ನೀವು ನಿಂತ ಜಾಗದ ಸರ್ವೆ ನಂಬರು ಯಾವುದು, ಅದು ಸರ್ಕಾರಿ ಜಾಗವೋ ಖಾಸಗಿಯೋ ಅಂತ ತಿಳಿಯಲು ಬಹಳ ಉಪಯೋಗ. ನಿವೇಶನ ಕೊಳ್ಳುವ ಮುಂಚೆ ಒಮ್ಮೆ ನೋಡಿಕೊಳ್ಳಿ. ಆದರೆ ಅದನ್ನು ನೋಡಿ ಬಾಂದು ಕಲ್ಲು ನೆಡಬೇಡಿ, ಪಕ್ಕದವರ ಬೇಲಿ ಕೀಳಬೇಡಿ. ಸರ್ವೆಯವರು ಈಗ ತರುವ ರೋವರ್ ಯಂತ್ರದ ಮಾತು ಬೇರೆ. ನೆಲದ ಮೇಲೆ ಸ್ಥಿರವಾಗಿ ಕೂರಿಸಿದ ಕೇಂದ್ರಗಳಿಂದ ತಿದ್ದುಪಡಿ ಪಡೆದು ಅದು ಕೆಲವು ಸೆಂಟಿಮೀಟರ್ ಒಳಗೆ ಲೆಕ್ಕ ಹೇಳುತ್ತದೆ. ಅಂದಾಜಿಗೆ ಫೋನು, ಗಡಿಗೆ ರೋವರು. ನಮ್ಮ ತರಬೇತಿಯಲ್ಲಿ ಕಲಿತ ದೊಡ್ಡ ಪಾಠ ಇದೇ.

ಸೂರಿನ ನೀರು

ಆ ಹುಡುಗಿ ತನ್ನ ಊರಿನಲ್ಲಿ ನಡೆದದ್ದನ್ನು ಹೇಳಿದಳು. ಇಡೀ ವಿಷಯ ಅದರಲ್ಲೇ ಇದೆ.

ಊರಿಗೆ ಡ್ರೋನ್ ಬರುವ ಮುಂಚೆ ಆಸ್ತಿಗಳ ಸುತ್ತ ಸುಣ್ಣದ ಗೆರೆ ಎಳೆಯುತ್ತಾರೆ. ಮನೆಯವರು ಎದುರಿಗಿದ್ದು ತೋರಿಸಬೇಕು. ಆಮೇಲೆ ಡ್ರೋನ್ ಹಾರಿ ಚಿತ್ರ ತೆಗೆಯುತ್ತದೆ. ಚಿತ್ರ ಜೋಡಿಸಿ ನಕ್ಷೆ ಮಾಡಿ, ಮತ್ತೆ ಊರಿಗೆ ತಂದು ತಾಳೆ ನೋಡುತ್ತಾರೆ. ಆಕ್ಷೇಪಣೆ ಇದ್ದರೆ ಕೊಡಿ ಅನ್ನುತ್ತಾರೆ. ಅದೆಲ್ಲ ಮುಗಿದ ಮೇಲೆ ಆಸ್ತಿ ಕಾರ್ಡು.

ಸುಣ್ಣ ಹಾಕಿದ ದಿನ ಅವಳ ಅಪ್ಪ ಕೂಲಿಗೆ ಹೋಗಿದ್ದರು. ಮನೆಗೂ ದೊಡ್ಡಪ್ಪನ ಮನೆಗೂ ನಡುವೆ ಏಳು ಅಡಿ ಓಣಿ. ಹಿತ್ತಿಲಿಗೆ ದನ ಹೋಗುವುದು, ಗೊಬ್ಬರ ಬರುವುದು ಅದರಲ್ಲೇ. ಕರಡು ನಕ್ಷೆ ಬಂದಾಗ ಅವಳು ಹಬ್ಬಕ್ಕೆ ಊರಿಗೆ ಹೋಗಿದ್ದಳು. ನೋಡಿದರೆ ಓಣಿ ನಾಲ್ಕೂವರೆ ಅಡಿ ಇದೆ.

ಯಾರೂ ಮೋಸ ಮಾಡಿರಲಿಲ್ಲ. ದೊಡ್ಡಪ್ಪನದು ಹೆಂಚಿನ ಮನೆ. ಸೂರು ಗೋಡೆಯಿಂದ ಎರಡೂವರೆ ಅಡಿ ಹೊರಗೆ ಚಾಚಿದೆ. ಡ್ರೋನ್ ನೋಡುವುದು ಮೇಲಿನಿಂದ. ಅದಕ್ಕೆ ಕಾಣುವುದು ಸೂರು, ಸೂರಿನ ಕೆಳಗಿರುವ ಗೋಡೆ ಕಾಣುವುದಿಲ್ಲ. ಚಿತ್ರದಲ್ಲಿ ಚಾವಣಿ ಎಲ್ಲಿ ಮುಗಿಯಿತೋ ಅಲ್ಲಿಗೆ ಗೆರೆ ಬಿತ್ತು. ಮರದ ಕೊಂಬೆ ಅಡ್ಡ ಬಂದ ಕಡೆಯೂ ಇದೇ ಕಥೆ.

ಸೂರಿನ ಉದ್ದ ನಲವತ್ತು ಅಡಿ ಹಿಡಿಯಿರಿ. ಎರಡೂವರೆ ಅಡಿಗೆ ಗುಣಿಸಿದರೆ ನೂರು ಚದರ ಅಡಿ. ನಮ್ಮ ಲೆಕ್ಕದಲ್ಲಿ 33 ಅಡಿ ಉದ್ದ, 33 ಅಡಿ ಅಗಲ ಇದ್ದರೆ 1 ಗುಂಟೆ, ಅಂದರೆ 1,089 ಚದರ ಅಡಿ. ಅಂಥ 40 ಗುಂಟೆಗೆ 1 ಎಕರೆ. ನೂರು ಚದರ ಅಡಿ ಅಂದರೆ ಗುಂಟೆಯ ಹತ್ತನೇ ಒಂದು ಪಾಲೂ ಅಲ್ಲ. ಕಾಗದದಲ್ಲಿ ಏನೂ ಅಲ್ಲ. ಆದರೆ ನಾಲ್ಕೂವರೆ ಅಡಿ ಓಣಿಯಲ್ಲಿ ಗಾಡಿ ಹಿತ್ತಿಲಿಗೆ ಹೋಗುವುದಿಲ್ಲ. ಇವತ್ತು ಅಣ್ಣತಮ್ಮಂದಿರು ಹೊಂದಿಕೊಂಡು ಹೋಗುತ್ತಾರೆ. ನಾಳೆ ಮಕ್ಕಳ ಕಾಲಕ್ಕೆ, ಒಂದು ಮನೆ ಮಾರಿದ ಮೇಲೆ, ಕೊಂಡವರು ಕಾರ್ಡು ತೋರಿಸಿ ಗೋಡೆ ಎತ್ತಿದರೆ?

ಅವಳು ದೊಡ್ಡಪ್ಪನನ್ನು ಜಗಲಿ ಮೇಲೆ ಕೂರಿಸಿಕೊಂಡು ಫೋನಿನಲ್ಲಿ ಚಿತ್ರ ದೊಡ್ಡದು ಮಾಡಿ ತೋರಿಸಿದಳಂತೆ. 'ದೊಡ್ಡಪ್ಪ, ಸೂರು ನಿಮ್ದೇ. ಸೂರಿನ ನೀರು ಬೀಳೋ ಜಾಗ ಓಣೀದು.'

'ನಾನೆಲ್ಲವ್ವ ಓಣಿ ಕೇಳ್ದೆ? ಮೇಲ್ಗಡೆಯಿಂದ ಹಾರ್ಕೊಂಡು ಹೋದದ್ದು ಅದು. ಅದ್ಕೇನು ಗೊತ್ತು ನಮ್ಮ ಓಣಿ.'

ಇಬ್ಬರೂ ಒಟ್ಟಿಗೆ ಹೋಗಿ ಅರ್ಜಿ ಕೊಟ್ಟರು. ಸರ್ವೆಯವರು ಬಂದು ಟೇಪು ಹಿಡಿದು ಗೋಡೆಯಿಂದ ಗೋಡೆಗೆ ಅಳೆದರು. ಗೆರೆ ತಿದ್ದಿದರು. ಅರ್ಧ ಗಂಟೆಯ ಕೆಲಸ. ಕಾರ್ಡು ಆದ ಮೇಲೆ ಇದೇ ಕೆಲಸಕ್ಕೆ ಎಷ್ಟು ವರ್ಷ ಕೋರ್ಟು ಅಲೆಯಬೇಕು ಅಂತ ನಾವು ಬರೆದ ಸುದ್ದಿಗಳೇ ಹೇಳುತ್ತವೆ.

ಅದೇ ಬೀದಿಯಲ್ಲಿ ಇನ್ನೂ ಹೆಂಚಿನ ಮನೆಗಳಿದ್ದವು. ಅವಳು ಎರಡು ದಿನ ರಜೆ ಹೆಚ್ಚಿಗೆ ಹಾಕಿ ಮನೆಮನೆಗೆ ಹೋದಳಂತೆ. ಆಕ್ಷೇಪಣೆಯ ಅವಧಿಯಲ್ಲಿ ಊರಿನಲ್ಲಿ ನಕ್ಷೆ ಓದುವವರು ಒಬ್ಬರಿದ್ದರು ಅನ್ನುವುದೇ ಆ ಬೀದಿಯ ಪುಣ್ಯ.

ನಮ್ಮ ನೆಲದಲ್ಲೇ ಶುರುವಾದ ವಿದ್ಯೆ

ಅಳತೆಯ ವಿದ್ಯೆ ನಮಗೆ ಹೊಸದೇನಲ್ಲ. ಕುಂಬಾರಕೊಪ್ಪಲಿಂದ ಶ್ರೀರಂಗಪಟ್ಟಣ ಎಷ್ಟು ದೂರ? ಬಸ್ಸು ಹತ್ತಿದರೆ ಅರ್ಧ ಮುಕ್ಕಾಲು ಗಂಟೆ. 1799ರಲ್ಲಿ ಆ ಕೋಟೆಯ ಮೇಲೆ ಬಂದ ಸೈನ್ಯದಲ್ಲಿ ವಿಲಿಯಂ ಲ್ಯಾಂಬ್ಟನ್ ಅನ್ನುವ ಅಧಿಕಾರಿ ಇದ್ದ. ಒಂದು ರಾತ್ರಿ ಪಡೆ ಹೊರಟಾಗ ಇವನು ನಕ್ಷತ್ರ ನೋಡಿ, 'ನಾವು ತಪ್ಪು ದಿಕ್ಕಿಗೆ, ಶತ್ರುವಿನ ಕಡೆಗೇ ಹೋಗುತ್ತಿದ್ದೇವೆ' ಅಂದನಂತೆ. ಸೇನಾಪತಿ ಮೊದಲು ಕಿವಿಗೆ ಹಾಕಿಕೊಳ್ಳಲಿಲ್ಲ. ದಿಕ್ಸೂಚಿ ನೋಡಿದರೆ ಅವನ ಮಾತೇ ನಿಜ. ಇದೇ ಲ್ಯಾಂಬ್ಟನ್ 1802ರಲ್ಲಿ ಮದರಾಸಿನ ಹತ್ತಿರ ಅಳತೆಯ ಮೊದಲ ಗೆರೆ ಹಾಕಿ, ದೇಶವನ್ನೇ ತ್ರಿಕೋನಗಳಾಗಿ ಅಳೆಯುವ ದೊಡ್ಡ ಕೆಲಸ ಶುರುಮಾಡಿದ. ಅದೇ ಹೊತ್ತಿಗೆ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಸರ್ವೆ ಮಾಡುತ್ತಿದ್ದ. 1815ರಲ್ಲಿ ಇವನೇ ಇಡೀ ಭಾರತದ ಮೊದಲ ಸರ್ವೇಯರ್ ಜನರಲ್ ಆದ.

ಪುಸ್ತಕದಲ್ಲಿ ಉಳಿದದ್ದು ದೊರೆಗಳ ಹೆಸರು. ಆದರೆ ಊರು, ಹಳ್ಳ, ಗುಡ್ಡದ ಹೆಸರು ಹೇಳದೆ ಯಾವ ನಕ್ಷೆ ಆದೀತು? ಮೆಕೆಂಜಿಗೆ ಕಾವಲಿ ವೆಂಕಟ ಬೊರ್ರಯ್ಯ ಮತ್ತು ಅವನ ತಮ್ಮಂದಿರು ಊರೂರಿಗೆ ಹೋಗಿ ಕಾಗದಪತ್ರ, ಶಾಸನ, ಮಾತು ಸೇರಿಸಿ ತಂದುಕೊಟ್ಟರು. ಸರಪಳಿ ಎಳೆದವರು, ಬಾವುಟ ಹಿಡಿದವರು, 'ಇದು ಇಂಥವರ ಹೊಲ' ಅಂದವರು ನಮ್ಮ ನಿಮ್ಮಂಥವರು. ಅಳತೆ ಗೊತ್ತಿದ್ದವನ ಕೈಗೆ ನಕ್ಷೆ ಹೋಯಿತು, ಜಾಗ ಗೊತ್ತಿದ್ದವನು ಸರಪಳಿ ಹಿಡಿದು ನಿಂತ. ಈಗ ಇಬ್ಬರೂ ಒಬ್ಬರೇ ಆಗುವ ಕಾಲ ಬಂದಿದೆ.

ಇದಕ್ಕೆ ಕಾನೂನೂ ಸಡಿಲವಾಗಿದೆ. ಮೊದಲು ನಕ್ಷೆ ಮಾಡಲು ಹತ್ತಾರು ಅನುಮತಿ ಬೇಕಿತ್ತು. 2021ರ ಫೆಬ್ರವರಿ 15ರ ಮಾರ್ಗಸೂಚಿ ಭಾರತದವರಿಗೆ ಅದರಲ್ಲಿ ಬಹುಪಾಲು ತೆಗೆದುಹಾಕಿತು. 2022ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಭೂಸ್ಥಾನಿಕ ನೀತಿಯೂ ಬಂತು.

ಯಾರು ಎಲ್ಲಿ ಕಲಿಯಬಹುದು

ನಮಗೆ ಫೋನ್ ಮಾಡಿ ಕೇಳುವವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತೇವೆ.

ಎಸ್ಸೆಸ್ಸೆಲ್ಸಿ ಆದವರಿಗೆ ಐಟಿಐನಲ್ಲಿ ಸರ್ವೇಯರ್ ಮತ್ತು ಸಿವಿಲ್ ಡ್ರಾಫ್ಟ್ಸ್‌ಮನ್ ವೃತ್ತಿಗಳಿವೆ. ಪಾಲಿಟೆಕ್ನಿಕ್‌ನ ಸಿವಿಲ್ ಡಿಪ್ಲೊಮಾದಲ್ಲಿ ಸರ್ವೆ ಒಂದು ಮುಖ್ಯ ಪಾಠ. ಕೈಯಲ್ಲಿ ಯಂತ್ರ ಹಿಡಿಸಿ ಕಲಿಸುವ ದಾರಿ ಇವು. ಬರೀ ಕಂಪ್ಯೂಟರ್ ಕೋರ್ಸಿಗಿಂತ ಗಟ್ಟಿ.

ಭೂಮಾಪನ ಇಲಾಖೆ ಆಗಾಗ ಪರವಾನಗಿ ಭೂಮಾಪಕರನ್ನು ಕರೆಯುತ್ತದೆ. ಪಿಯುಸಿಯಲ್ಲಿ ಗಣಿತ ಓದಿದವರು, ಸಿವಿಲ್ ಡಿಪ್ಲೊಮಾ ಅಥವಾ ಇಂಜಿನಿಯರಿಂಗ್ ಆದವರು, ಐಟಿಐ ಸರ್ವೇಯರ್ ಆದವರು ಇದಕ್ಕೆ ಅರ್ಜಿ ಹಾಕುತ್ತಾರೆ. 11ಇ ನಕ್ಷೆ, ಪೋಡಿ, ಹದ್ದುಬಸ್ತು ಇಂಥ ಕೆಲಸ. ಇದು ಸರ್ಕಾರಿ ನೌಕರಿ ಅಲ್ಲ, ಮಾಡಿದ ಕೆಲಸಕ್ಕೆ ಶುಲ್ಕ. ಅರ್ಹತೆ, ಅಂಕದ ಷರತ್ತುಗಳನ್ನು ಆಯಾ ಅಧಿಸೂಚನೆಯಲ್ಲೇ ಓದಿಕೊಳ್ಳಿ. ಮಧ್ಯವರ್ತಿಗೆ ದುಡ್ಡು ಕೊಡಬೇಡಿ.

ಡಿಗ್ರಿಯಲ್ಲಿ ಭೂಗೋಳ ಓದಿದವರು ಮಾನಸಗಂಗೋತ್ರಿಯ ಭೂಗೋಳ ವಿಭಾಗದಲ್ಲಿ ಮುಂದಕ್ಕೆ ಓದಬಹುದು. ಇಂಜಿನಿಯರಿಂಗ್ ಮಾಡಿದವರಿಗೆ ದೂರಸಂವೇದಿ ಅನ್ವಯಿಕ ಕೇಂದ್ರ ವಿಟಿಯು ಅಡಿಯಲ್ಲಿ ಜಿಯೋಇನ್‌ಫರ್ಮ್ಯಾಟಿಕ್ಸ್ ಎಂ.ಟೆಕ್. ನಡೆಸಿಕೊಂಡು ಬಂದಿದೆ.

ಡ್ರೋನ್ ಹಾರಿಸುವ ಆಸೆ ಇದ್ದವರಿಗೆ 2021ರ ಡ್ರೋನ್ ನಿಯಮದ ಪ್ರಕಾರ 18 ವರ್ಷ ತುಂಬಿರಬೇಕು, ಹತ್ತನೇ ತರಗತಿ ಪಾಸಾಗಿರಬೇಕು, ಡಿಜಿಸಿಎ ಒಪ್ಪಿದ ಕೇಂದ್ರದಲ್ಲೇ ತರಬೇತಿ ಪಡೆಯಬೇಕು. ಸೇರುವ ಮುಂಚೆ ಕೇಂದ್ರದ ಹೆಸರು ಡಿಜಿಸಿಎ ಪಟ್ಟಿಯಲ್ಲಿದೆಯೇ ಅಂತ ನೋಡಿ. ಹಾರಿಸುವುದು ಬೇರೆ, ಚಿತ್ರದಿಂದ ನಕ್ಷೆ ಮಾಡುವುದು ಬೇರೆ. ಎರಡನೆಯದೂ ಬಂದರೆ ಕೆಲಸಕ್ಕೆ ಹೆಚ್ಚು ಬೆಲೆ.

ಸಂಬಳದ ವಿಷಯದಲ್ಲಿ ಆಸೆ ತೋರಿಸುವುದಿಲ್ಲ. ಕಂಪ್ಯೂಟರಿನಲ್ಲಿ ಗೆರೆ ಎಳೆಯುವ ಕೆಲಸದಿಂದ ಶುರುಮಾಡಿದರೆ ಮೈಸೂರಿನ ಬಾಡಿಗೆ, ಊಟ ಕಳೆದು ಊರಿಗೆ ಕಳಿಸಲು ಉಳಿಯುವುದು ಕಡಿಮೆ ಅಂತ ಆ ಹುಡುಗಿಯೇ ಹೇಳುತ್ತಾಳೆ. ಬರೀ ಗೆರೆ ಎಳೆಯುವವರು ಬೇಕಾದಷ್ಟು ಸಿಗುತ್ತಾರೆ. ಗೆರೆ ಸರಿಯೋ ತಪ್ಪೋ ಅಂತ ನೆಲದ ಮೇಲೆ ನಿಂತು ಹೇಳುವವರು ಸಿಗುವುದಿಲ್ಲ.

ಅಲ್ಲಿ ನಮ್ಮ ಹಳ್ಳಿಯ ಮಕ್ಕಳು ಒಂದು ಹೆಜ್ಜೆ ಮುಂದಿದ್ದಾರೆ. ಖರಾಬು ಅಂದರೆ ಏನು, ಬಂಡಿದಾರಿ ಎಲ್ಲಿ ತಿರುಗುತ್ತದೆ, ಮಳೆಗಾಲದಲ್ಲಿ ಹಳ್ಳ ಎಲ್ಲಿಯವರೆಗೆ ಬರುತ್ತದೆ, ಯಾವ ಕಲ್ಲು ಬಾಂದು ಕಲ್ಲು, ಯಾವುದು ಬಟ್ಟೆ ಒಗೆಯುವ ಕಲ್ಲು, ಇದನ್ನು ಯಾವ ಕೋರ್ಸೂ ಕಲಿಸುವುದಿಲ್ಲ. ದನ ಕಾಯ್ದವರಿಗೆ, ಅಜ್ಜನ ಹಿಂದೆ ಹೊಲ ಸುತ್ತಿದವರಿಗೆ ಅದು ಗೊತ್ತು. ಅಕ್ಷಾಂಶ ರೇಖಾಂಶ ಮೂರು ತಿಂಗಳಲ್ಲಿ ಕಲಿಯಬಹುದು. ಇದನ್ನು ಮೂರು ತಿಂಗಳಲ್ಲಿ ಕಲಿಯಲಾಗದು.

ಕೊನೆಗೆ ನಿಮ್ಮಲ್ಲಿ ಕೇಳುವುದು ಎರಡೇ. ಭೂದಾಖಲೆ ಇಲಾಖೆಯ ವೆಬ್‌ಸೈಟಿನಲ್ಲಿ ನಿಮ್ಮೂರಿನ ಗ್ರಾಮ ನಕ್ಷೆ ಸಿಗುತ್ತದೆ. ಇಳಿಸಿಕೊಳ್ಳಿ, ದೊಡ್ಡದಾಗಿ ಪ್ರಿಂಟ್ ತೆಗೆಸಿ, ಊರಿನ ಹಿರಿಯರೊಬ್ಬರನ್ನೂ ಹೈಸ್ಕೂಲಿಗೆ ಹೋಗುವ ಒಂದು ಮಗುವನ್ನೂ ಅದರ ಮುಂದೆ ಒಟ್ಟಿಗೆ ಕೂರಿಸಿ. ಅವರು ಜಾಗದ ಹೆಸರು ಹೇಳಲಿ, ಇವರು ನಕ್ಷೆಯಲ್ಲಿ ಹುಡುಕಲಿ. ಎರಡನೆಯದು, ನಿಮ್ಮೂರಿನ ಸರ್ವೆ ಆಗಿ ಕರಡು ನಕ್ಷೆ ಬಂದಾಗ ಸಹಿ ಹಾಕುವ ಮುಂಚೆ ಮನೆಯ ಸುತ್ತ ಒಮ್ಮೆ ಟೇಪು ಹಿಡಿದು ನಡೆಯಿರಿ. ಸೂರಿನಿಂದ ಅಳೆಯಬೇಡಿ, ಗೋಡೆಯಿಂದ ಅಳೆಯಿರಿ.